ಯಾರ ಮಾತಿನ ಸ್ವಾತಂತ್ರ್ಯ?

ದ್ವೇಷ ಕಾರುವ ಭಾಷಣಕಾರ ಊರಿಗೆ ಬಂದಾಗ ಕಪ್ಪು ಬಾವುಟ ಹಿಡಿದು ಎದುರು ನಿಲ್ಲಬೇಕೋ ಬೇಡವೋ? ಕುದ್ರೋಳಿಯಲ್ಲಿ ಈ ಮಾತು ಎತ್ತಿದರೆ ಸಾಕು, "ಅವರಿಗೂ ಮಾತಾಡ್ಲಿಕ್ಕೆ ಹಕ್ಕಿಲ್ವಾ ಮಾರಾಯ್ರೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಉತ್ತರಕ್ಕಾಗಿ ನಾನು ನಮ್ಮ ಚರಿತ್ರೆಯ ಕಡೆಗೇ ತಿರುಗುತ್ತೇನೆ.

ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರ ಹುಟ್ಟಿದ್ದೇ ಒಂದು ಎದುರುತ್ತರವಾಗಿ. ಬಿಲ್ಲವರಿಗೆ ಗುಡಿಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಹೊಯ್ಗೆಬಜಾರ್ ಕೊರಗಪ್ಪನವರ ಮುಂದಾಳತನದಲ್ಲಿ ಗುಡಿ ಎದ್ದಿತು. 1912ರಲ್ಲಿ ನಾರಾಯಣ ಗುರುಗಳು ಇಲ್ಲಿ ಪ್ರತಿಷ್ಠೆ ಮಾಡಿದರು. 'ಒಳಗೆ ಬರಬೇಡಿ' ಎಂಬುದು ಬರೀ ಅಭಿಪ್ರಾಯವಾಗಿರಲಿಲ್ಲ, ಬಾಗಿಲಿಗೆ ಜಡಿದ ಅಗುಳಿಯಾಗಿತ್ತು. ಕೆರೆಯ ನೀರು ಮುಟ್ಟಿದ್ದಕ್ಕೆ ಪೆಟ್ಟು ತಿಂದ ಮಹಾಡದಲ್ಲಿ ಅಂಬೇಡ್ಕರ್ ಮತ್ತವರ ಸಂಗಾತಿಗಳು 1927ರ ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟದ್ದೂ ಇದನ್ನು ತಿಳಿದೇ. ಅವರು ಸುಟ್ಟದ್ದು ಪುಸ್ತಕವನ್ನು, ಯಾರ ಮನೆಯನ್ನೂ ಅಲ್ಲ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಏನಾಯಿತು ನೋಡಿ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು ಮಂತ್ರಿ ಬಿ. ಬಸವಲಿಂಗಪ್ಪ. ಅದು ವಿಮರ್ಶೆಯ ಮಾತು. ಒಪ್ಪದವರು ಬರೆದು ಉತ್ತರ ಕೊಡಬಹುದಿತ್ತು. ಆದರೆ ಏಟು ಬಿದ್ದದ್ದು ದಲಿತ ವಿದ್ಯಾರ್ಥಿಗಳ ಮೈಮೇಲೆ. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಇವತ್ತು ಮಾತಿನ ಹಕ್ಕಿನ ಜಪ ಮಾಡುವ ಮಂದಿಯ ಹಿರಿಯರಲ್ಲಿ ಎಷ್ಟು ಜನ ಅಂದು ಬಾಯಿ ಬಿಟ್ಟರು? ಆ ನೋವಿನಲ್ಲೇ ದಲಿತ ಸಂಘರ್ಷ ಸಮಿತಿಗೆ ನೆಲ ಹದವಾಯಿತು.

ಕಾನೂನಿದೆಯಲ್ಲ ಅನ್ನಬಹುದು. ಇದೆ. ಪರಿಶಿಷ್ಟರ ಮೇಲೆ ಹಗೆ ಹುಟ್ಟಿಸುವ ಮಾತು ಮತ್ತು ಬರಹವನ್ನು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಅಪರಾಧವೆಂದಿತು. ಆದರೆ ಬಾಯಿ ಮುಚ್ಚಿಸುವ ಕೆಲಸವನ್ನು ಪೂರಾ ಸರ್ಕಾರಕ್ಕೇ ಬಿಟ್ಟುಕೊಡಲು ನನಗೆ ಭಯ. 2019ರ ಡಿಸೆಂಬರ್ 19ರಂದು ಇದೇ ಮಂಗಳೂರಿನಲ್ಲಿ ಪೌರತ್ವ ಕಾಯ್ದೆಯ ವಿರುದ್ಧ ಜನ ಬೀದಿಗಿಳಿದಾಗ ನಿಷೇಧಾಜ್ಞೆ ಇತ್ತು. ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ನಿಷೇಧದ ಕೋಲು ಮೊದಲು ಬೀಳುವುದು ಬಡವನ ಬೆನ್ನಿಗೇ.

ಹಾಗಾಗಿ ನನ್ನ ಅಳತೆ ಇಷ್ಟು. ಗ್ರಂಥವನ್ನು, ದೇವರನ್ನು, ನಮ್ಮ ಚಳವಳಿಯನ್ನು ಎಷ್ಟು ಬೈದರೂ ಅದು ಮಾತು. ಅದಕ್ಕೆ ಮಾತಿನಲ್ಲೇ ಉತ್ತರ. ಒಂದು ಜಾತಿಯವರನ್ನೋ ಧರ್ಮದವರನ್ನೋ ಕೇರಿಯಿಂದ, ಸಂತೆಯಿಂದ ಓಡಿಸಲು ಜನ ಕೂಡಿಸಿದರೆ ಅದು ಬರೀ ಮಾತಲ್ಲ. ಅಲ್ಲಿ ಎದುರು ನಿಲ್ಲಲೇಬೇಕು. ಘೋಷಣೆ ಕೂಗೋಣ, ಕಪ್ಪು ಬಾವುಟ ಹಿಡಿಯೋಣ, ದೂರು ಕೊಡೋಣ. ಆದರೆ 1973ರಲ್ಲಿ ನಮ್ಮ ಮಕ್ಕಳ ಮೇಲೆ ಎತ್ತಿದ್ದ ಆ ಕೈ ನಮ್ಮದಾಗಬಾರದು.

ಬಾಗಿಲು ಮುಚ್ಚಿಸಿಕೊಂಡವರ ಮೊಮ್ಮಕ್ಕಳೇ ಇನ್ನೊಬ್ಬರ ಬಾಗಿಲು ಮುಚ್ಚಿಸುವ ಮೆರವಣಿಗೆಯಲ್ಲಿ ಕಾಣಿಸುತ್ತಿದ್ದಾರೆ. ಅವರನ್ನು ತಡೆದು ನಿಲ್ಲಿಸಿ, ಕುದ್ರೋಳಿಯ ಈ ಕತೆ ಹೇಳುವುದೂ ನಮ್ಮ ಹೋರಾಟವೇ.