ಕಂಕನಾಡಿಯಿಂದ ಪಾಂಬೂರಿಗೆ



ಕಂಕನಾಡಿ ಎಂದೊಡನೆ ಹಿರಿಯಡ್ಕದ ಆಸುಪಾಸಿನ ಕುಟುಂಬಗಳಿಗೆ ಫಾದರ್ ಮುಲ್ಲರ್ ಆಸ್ಪತ್ರೆ ನೆನಪಾಗುತ್ತದೆ. ಅದರೊಳಗೆ ಅಡಗಿರುವ ಹಳೆಯ ಕಥೆಯೊಂದನ್ನು ನಾವು ಮರೆತಿದ್ದೇವೆ. 1878ರ ಡಿಸೆಂಬರ್ 31ರಂದು ಯೇಸುಸಭೆಯವರ ಮೊದಲ ತಂಡದೊಡನೆ ಮಂಗಳೂರಿಗೆ ಬಂದಿಳಿದ ಜರ್ಮನ್ ಯಾಜಕ ಆಗಸ್ಟಸ್ ಮುಲ್ಲರ್, 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದರು. 1890ರಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಯಧಾಮವನ್ನೂ ಸ್ಥಾಪಿಸಿದರು. ಉಡುಪಿ ಧರ್ಮಪ್ರಾಂತ್ಯವು 2012ರಲ್ಲಿ ರೂಪುಗೊಳ್ಳುವವರೆಗೆ ನಮ್ಮ ಸೀಮೆಯೂ ಮಂಗಳೂರಿಗೇ ಸೇರಿತ್ತಾದುದರಿಂದ ಇದು ನಮ್ಮದೇ ಚರಿತ್ರೆ.

ಕುಷ್ಠವು ನರಗಳನ್ನು ಕೆಡಿಸುವ ರೋಗ. ಸ್ಪರ್ಶಜ್ಞಾನವಿಲ್ಲದ ಕೈ ಸುಟ್ಟರೂ ತಿಳಿಯದು, ಕಾಲಿಗೆ ಮುಳ್ಳು ನಾಟಿದರೂ ತಿಳಿಯದು. ಗಾಯಗಳು ಕೊಳೆತು ಬೆರಳುಗಳು ನಶಿಸುತ್ತವೆ, ಕೆಲವರ ಕಣ್ಣೂ ಹೋಗುತ್ತದೆ. ಪರಿಣಾಮಕಾರಿಯಾದ ಔಷಧ ದೊರೆತದ್ದು 1940ರ ದಶಕದಲ್ಲಿ. ಮುಲ್ಲರ್ ತೀರಿಕೊಂಡದ್ದು 1910ರಲ್ಲಿ. ಅವರ ಕಾಲದಲ್ಲಿ ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಅನ್ನ ಮತ್ತು ಸೂರು ನೀಡುವುದು, ಇವೇ ಬಹುಮಟ್ಟಿಗೆ ಚಿಕಿತ್ಸೆ. ಗುಣವಾಗುವುದಿಲ್ಲವೆಂದು ತಿಳಿದೂ ಮಾಡಿದ ಸೇವೆ ಅದು.

ಆದರೂ ಆ ಧಾಮದ ವಾಸಿಗಳು ಊರಿನಿಂದ ಬೇರೆಯಾಗಿಯೇ ಉಳಿದರೆಂಬುದನ್ನು ಮರೆಮಾಚಲಾಗದು. ಕಾಲವೇ ಹಾಗಿತ್ತು. 1898ರ ಕುಷ್ಠರೋಗಿಗಳ ಕಾಯಿದೆಯು ನಿರ್ಗತಿಕ ರೋಗಿಗಳನ್ನು ಹಿಡಿದಿಡಲು ಸರಕಾರಕ್ಕೆ ಅಧಿಕಾರ ನೀಡಿತ್ತು. ಅದು ರದ್ದಾದದ್ದು 2016ರಲ್ಲಿ. ಇನ್ನೂ ವಿಚಿತ್ರವೆಂದರೆ, ರೋಗವನ್ನು ಪೂರ್ಣ ಗುಣಪಡಿಸಬಹುದಾದ ಕಾಲದಲ್ಲಿ, 2001ರ ತಿದ್ದುಪಡಿಯು ಕ್ರೈಸ್ತರಿಗೆ ಕುಷ್ಠವನ್ನು ವಿಚ್ಛೇದನದ ಕಾರಣವನ್ನಾಗಿ ಸೇರಿಸಿತು. 2019ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು.

ಸರಕಾರವನ್ನಷ್ಟೇ ದೂರುವಂತಿಲ್ಲ. ಧರ್ಮಸಭೆಯ 1917ರ ಕಾನೂನು ಸಂಹಿತೆಯ 984ನೆಯ ವಿಧಿಯು, ದೌರ್ಬಲ್ಯದಿಂದ ಸುರಕ್ಷಿತವಾಗಿ ಅಥವಾ ಅಂಗವಿಕಾರದಿಂದ ಘನತೆಯಿಂದ ಪೀಠದ ಸೇವೆ ಮಾಡಲಾರದವನನ್ನು ಯಾಜಕ ದೀಕ್ಷೆಯಿಂದ ದೂರವಿರಿಸಿತ್ತು. 'ಘನತೆ' ಎಂಬ ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ. ಶಿಲುಬೆಯ ಮೇಲಿನ ದೇಹಕ್ಕೆ ಯಾವ ಅಂದವಿತ್ತು? 1983ರ ಸಂಹಿತೆಯಲ್ಲಿ ಆ ಅಡ್ಡಿ ಉಳಿಯಲಿಲ್ಲ.

ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಅಂಗವಿಕಲರಿಗೂ ಕುಂಟರಿಗೂ ಕುರುಡರಿಗೂ ಊಟವನ್ನು ಮನೆಗೆ ಕಳುಹಿಸಲು ಯೇಸುಸ್ವಾಮಿ ಹೇಳುವುದಿಲ್ಲ. ಅವರನ್ನು ಪಂಕ್ತಿಗೆ ಕರೆಯಲು ಹೇಳುತ್ತಾರೆ. ಹಂಚುವುದು ಸುಲಭ, ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವುದು ಕಷ್ಟ.

ಈ ಕಷ್ಟದ ಕೆಲಸಕ್ಕೆ ನಮ್ಮಲ್ಲಿ ಮುಂದಾದವರಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳೂ ಇದ್ದಾರೆ. ಪಾಂಬೂರಿನ 'ಮಾನಸ' ಕೇಂದ್ರದಲ್ಲಿ ಕಥೊಲಿಕ್ ಸಭಾ ಬೌದ್ಧಿಕ ಸವಾಲುಳ್ಳ ಮಕ್ಕಳಿಗೆ ಶಿಕ್ಷಣ, ತರಬೇತಿ ನೀಡುತ್ತಿದೆ. ವರ್ಷಕ್ಕೊಮ್ಮೆ ಕಾಣಿಕೆ ಕೊಟ್ಟು ಬರುವವರು ಅನೇಕರು, ಅದು ಬೇಡವೆನ್ನಲಾರೆ. ಆದರೆ ಅಂಥದೇ ಮಗುವಿನ ತಾಯಿ, ಮಗು ಕೂಗುತ್ತದೆಂಬ ಅಂಜಿಕೆಯಿಂದ, ಭಾನುವಾರದ ಬಲಿಪೂಜೆಯುದ್ದಕ್ಕೂ ಇಗರ್ಜಿಯ ಜಗಲಿಯಲ್ಲೇ ನಿಂತಿರುವುದನ್ನು ನಾನು ಪೀಠದಿಂದಲೇ ಕಂಡಿದ್ದೇನೆ. ಒಳಗಿನ ಬೆಂಚುಗಳಲ್ಲಿ ಅಂದು ಬೇಕಾದಷ್ಟು ಸ್ಥಳವಿತ್ತು.