ಹೆಸರಿನ ಪಟ್ಟಿಗೂ ಒಂದು ಕಾನೂನು

1943ರ ಮಾರ್ಚ್ 27ರ ರಾತ್ರಿ. ಜರ್ಮನ್ ಸೇನೆಯ ವಶದಲ್ಲಿದ್ದ ಆಮ್‌ಸ್ಟರ್‌ಡ್ಯಾಮ್ ನಗರದ ಜನಸಂಖ್ಯಾ ನೋಂದಣಿ ಕಚೇರಿಗೆ ಪೊಲೀಸ್ ಸಮವಸ್ತ್ರ ತೊಟ್ಟ ಕೆಲವರು ಬಂದರು. ಕಾವಲುಗಾರರಿಗೆ ಮತ್ತು ಬರಿಸುವ ಮದ್ದು ಕೊಟ್ಟು ಹೊರಗೆ ಸಾಗಿಸಿದರು. ಬಳಿಕ ಕಡತಗಳನ್ನು ನೆಲಕ್ಕೆ ಸುರಿದು ಸ್ಫೋಟಕ ಸಿಡಿಸಿದರು. ಬಂದವರು ಪೊಲೀಸರಾಗಿರಲಿಲ್ಲ. ಶಿಲ್ಪಿ ಗೆರಿಟ್ ವಾನ್ ಡೆರ್ ವೇನ್, ಕಲಾವಿದ ವಿಲೆಮ್ ಅರೊಂಡೇಯುಸ್ ಮೊದಲಾದ ನಾಜಿ ವಿರೋಧಿ ಹೋರಾಟಗಾರರಾಗಿದ್ದರು.

ಕಾಗದದ ಕಾರ್ಡುಗಳ ಮೇಲೆ ಇಷ್ಟೊಂದು ಸಿಟ್ಟೇಕೆ? ನಿವಾಸಿಗಳ ಹೆಸರು, ವಿಳಾಸದ ಜೊತೆಗೆ ಧರ್ಮವನ್ನೂ ದಾಖಲಿಸುವ ಪದ್ಧತಿ ಹಾಲೆಂಡಿನಲ್ಲಿ ಯುದ್ಧಕ್ಕೆ ಮೊದಲೇ ಇತ್ತು. ಆಡಳಿತದ ಅನುಕೂಲಕ್ಕೆಂದು ಬರೆದಿಟ್ಟ ಆ ವಿವರ ನಾಜಿಗಳ ಕೈಗೆ ಸಿಕ್ಕಾಗ ಯೆಹೂದಿಗಳ ಮನೆ ಹುಡುಕುವ ಸಾಧನವಾಯಿತು. ಸುಳ್ಳು ಗುರುತಿನ ಚೀಟಿ ಹಿಡಿದು ತಲೆಮರೆಸಿಕೊಂಡವರನ್ನೂ ಕಚೇರಿಯ ಕಾರ್ಡಿನೊಂದಿಗೆ ತಾಳೆ ನೋಡಿ ಹಿಡಿಯಬಹುದಿತ್ತು. ಆ ರಾತ್ರಿ ನಾಶವಾದದ್ದು ಸುಮಾರು ಶೇ 15ರಷ್ಟು ಕಾರ್ಡುಗಳು ಮಾತ್ರ. ಜುಲೈ 1ರಂದು ಅರೊಂಡೇಯುಸ್ ಸೇರಿ 12 ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಹಾಲೆಂಡಿನ ಸುಮಾರು 1,40,000 ಯೆಹೂದಿಗಳಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಹತರಾಗಿದ್ದರು.

ಯೂರೋಪಿನ ಇಂದಿನ ಮಾಹಿತಿ ರಕ್ಷಣಾ ಕಾನೂನು ಈ ಒಂದು ಘಟನೆಯಿಂದಲೇ ಹುಟ್ಟಿತೆನ್ನಲಾಗದು. ಆದರೆ ಪಟ್ಟಿಗಳ ಬಗ್ಗೆ ಅಲ್ಲಿನವರಿಗಿರುವ ಅಂಜಿಕೆಯ ಹಿಂದೆ ಇಂಥ ನೆನಪುಗಳಿವೆ. ಸರ್ಕಾರಿ ಕಚೇರಿಗಳಿಗೆ ಗಣಕಯಂತ್ರ ಕಾಲಿಟ್ಟಾಗ, 1970ರಲ್ಲಿ, ಪಶ್ಚಿಮ ಜರ್ಮನಿಯ ಹೆಸೆನ್ ರಾಜ್ಯ ಜಗತ್ತಿನ ಮೊದಲ ಮಾಹಿತಿ ರಕ್ಷಣಾ ಕಾನೂನನ್ನು ತಂದಿತು. 1973ರಲ್ಲಿ ಸ್ವೀಡನ್ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ ಮಾಡಿತು. 1983ರಲ್ಲಿ ಪಶ್ಚಿಮ ಜರ್ಮನಿಯ ಜನಗಣತಿಗೆ ತೀವ್ರ ವಿರೋಧ ಎದ್ದಿತು. ತನ್ನ ವಿವರಗಳನ್ನು ಯಾರು, ಹೇಗೆ ಬಳಸಬೇಕೆಂದು ನಿರ್ಧರಿಸುವ ಹಕ್ಕು ಮೂಲತಃ ವ್ಯಕ್ತಿಯದೇ ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಡಿಸೆಂಬರ್ 15ರಂದು ತೀರ್ಪಿತ್ತಿತು. 1995ರಲ್ಲಿ ಐರೋಪ್ಯ ಒಕ್ಕೂಟ ತನ್ನ ಸದಸ್ಯ ದೇಶಗಳಿಗೆಲ್ಲ ಸಮಾನ ಮಾರ್ಗಸೂಚಿ ಹೊರಡಿಸಿತು. 2016ರಲ್ಲಿ ಅದರ ಬದಲಿಗೆ ಹೆಚ್ಚು ಬಿಗಿಯಾದ ಕಾನೂನನ್ನು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 2018ರ ಮೇ 25ರಂದು.

ಇದರ ಬಿಸಿ ತಟ್ಟಿದ್ದು ವ್ಯಾಪಾರಿಗಳಿಗೆ, ಸಭೆ ಸಮಾರಂಭ ನಡೆಸುವವರಿಗೆ. ಬರ್ಲಿನ್ನಿನಲ್ಲಿ ಒಂದು ಸಮ್ಮೇಳನ ನಡೆಯುತ್ತದೆಂದುಕೊಳ್ಳಿ. ನೋಂದಣಿಗೆ ಹೆಸರು, ಇಮೇಲ್ ಕೇಳಬಹುದು. ಹುಟ್ಟಿದ ದಿನವನ್ನೂ ಕೇಳುವುದಾದರೆ ಅದಕ್ಕೆ ತಕ್ಕ ಕಾರಣವಿರಬೇಕು. ಬಂದವರ ಪಟ್ಟಿಯನ್ನು ಪ್ರಾಯೋಜಕರಿಗೆ ಸುಮ್ಮನೆ ದಾಟಿಸುವಂತಿಲ್ಲ. ಒಪ್ಪಿಗೆಯ ಚೌಕಕ್ಕೆ ಸಂಘಟಕರೇ ಮೊದಲೇ ಗುರುತು ಹಾಕಿಟ್ಟಿದ್ದರೆ ಅದು ಒಪ್ಪಿಗೆಯೇ ಅಲ್ಲ. ಕೆಲಸ ಮುಗಿದ ಮೇಲೆ ಬೇಡದ ವಿವರಗಳನ್ನು ಅಳಿಸಬೇಕು. ಮಾಹಿತಿ ಸೋರಿ ಜನರಿಗೆ ಅಪಾಯವಾಗುವಂತಿದ್ದರೆ 72 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಗಂಭೀರ ತಪ್ಪಿಗೆ 2 ಕೋಟಿ ಯೂರೊ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ 4, ಇವೆರಡರಲ್ಲಿ ಹೆಚ್ಚಿನ ಮೊತ್ತದವರೆಗೂ ದಂಡ ಬೀಳಬಹುದು. ವಕೀಲರನ್ನು ಇಟ್ಟುಕೊಳ್ಳಲಾಗದ ಸಣ್ಣ ಸಂಸ್ಥೆಗಳಿಗೆ ಇದು ಹೊರೆ ಎಂಬ ದೂರಿನಲ್ಲಿ ಹುರುಳಿಲ್ಲದಿಲ್ಲ.

ಈ ಕಾನೂನಿನ ಕೈ ಯೂರೋಪಿನಾಚೆಗೂ ಚಾಚುತ್ತದೆ. ಅಲ್ಲಿರುವವರಿಗೆ ಸರಕು ಅಥವಾ ಸೇವೆ ಒದಗಿಸುವ ಸಂಸ್ಥೆ ಎಲ್ಲಿಯದಾದರೂ ಅದನ್ನು ಪಾಲಿಸಬೇಕು. ಯೂರೋಪಿನ ಕಂಪನಿಗಳ ಗ್ರಾಹಕರ ವಿವರಗಳನ್ನು ನಿರ್ವಹಿಸುವ ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳಿಗೂ ಇದು ಹೊರತಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ನಮ್ಮ ಸುಪ್ರೀಂ ಕೋರ್ಟ್ ಸಾರಿದ್ದು 2017ರಲ್ಲಿ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಭಾರತದ ಸಂಸತ್ತು ಡಿಜಿಟಲ್ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯಿದೆ ಅಂಗೀಕರಿಸಿತು.

ಸಮ್ಮೇಳನದ ಅರ್ಜಿಯಲ್ಲಿ ಮತ್ತೊಂದು ಪ್ರಶ್ನೆಯೂ ಇರುತ್ತದೆ: ಊಟ ಯಾವ ಬಗೆಯದು? ಕೋಷರ್ ಎಂದು ಬರೆದವರು ಯೆಹೂದಿಗಳೆಂದೂ ಹಲಾಲ್ ಎಂದು ಬರೆದವರು ಮುಸ್ಲಿಮರೆಂದೂ ಊಹಿಸಬಹುದು. ಸಕ್ಕರೆ ಬೇಡವೆಂದವರ ಕಾಯಿಲೆಯನ್ನೂ ಊಹಿಸಬಹುದು. ಧರ್ಮ, ಆರೋಗ್ಯದ ವಿವರಗಳಿಗೆ ಯೂರೋಪಿನ ಕಾನೂನು ವಿಶೇಷ ರಕ್ಷಣೆ ನೀಡಿದೆ. ಅಡುಗೆಯವರಿಗೆ ಎಷ್ಟು ತಟ್ಟೆ ಬೇಕೆಂಬ ಲೆಕ್ಕ ಸಾಕು, ಹೆಸರು ಬೇಕಿಲ್ಲ. ಊಟದ ವಿಷಯಕ್ಕೆ ಇಷ್ಟು ಎಚ್ಚರವೇ ಎಂದು ನಗುವವರಿರಬಹುದು. ಆಮ್‌ಸ್ಟರ್‌ಡ್ಯಾಮಿನಲ್ಲಿ ಧರ್ಮದ ಕಾಲಂ ತುಂಬಿಸಿದ ಗುಮಾಸ್ತರಿಗೂ ಆ ಕಾರ್ಡು ಮುಂದೆ ಯಾರ ಕೈ ಸೇರುತ್ತದೆಂದು ತಿಳಿದಿರಲಿಲ್ಲ.