ಗಂಡಿಪೇಟೆಯ ಬುತ್ತಿ, ಮೂಸಿಯ ನೆನಪು

ರೋಹಿಣಿ ಮಳೆ ಕಳೆದು ಮೃಗಶಿರಾ ಹುಟ್ಟುವ ಹೊತ್ತಿಗೆ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ಏಳುತ್ತದೆ. ರಜೆಗೆ ಊರಿಗೆ ಹೋದವರು ಮರಳಿರುತ್ತಾರೆ. ಕಲಬುರ್ಗಿಯಿಂದಲೋ ಬೀದರದಿಂದಲೋ ಶೇಂಗಾ ಹಿಂಡಿ, ಉಪ್ಪಿನಕಾಯಿ ಬಂದು ಸೇರಿರುತ್ತವೆ. ಶಾಲೆಯ ಬಾಗಿಲು ತೆರೆಯಲು ಒಂದೇ ಭಾನುವಾರ ಉಳಿದಿರುತ್ತದೆ. “ಅಪ್ಪಾ, ಎಲ್ಲಿಗಾದರೂ ಹೋಗೋಣ” ಎಂದು ಮಕ್ಕಳು ಹಟ ಹಿಡಿಯುತ್ತಾರೆ. ತಿಂಗಳ ಸಂಬಳದವರಿಗೆ ಊಟಿ, ಕೊಡೈಕೆನಾಲ್ ದೂರದ ಮಾತು. ಬೆಳಿಗ್ಗೆ ಹೋಗಿ ಸಂಜೆಗೆ ಬರಬೇಕು, ಬುತ್ತಿ ಬಿಚ್ಚಲು ನೆರಳಿರಬೇಕು. ಹೀಗೆ ಲೆಕ್ಕ ಹಾಕಿದರೆ ಕೊನೆಗೆ ಉಳಿಯುವುದು ನಾಲ್ಕು ಸ್ಥಳಗಳು: ಟ್ಯಾಂಕ್ ಬಂಡ್, ಮೃಗಾಲಯ, ಗೋಲ್ಕೊಂಡ, ಗಂಡಿಪೇಟೆ.

ಈ ನಾಲ್ಕಕ್ಕೂ ಒಂದು ಸಂಬಂಧವಿದೆ. ನಾವು ವಿಹಾರಕ್ಕೆಂದು ಹೋಗುವ ಈ ಜಾಗಗಳೆಲ್ಲ ನೀರಿನ ಚಿಂತೆಯಿಂದ ಹುಟ್ಟಿದವು, ಇಲ್ಲವೆ ಅಂಥ ಚಿಂತೆಯ ಪಕ್ಕದಲ್ಲಿ ಬೆಳೆದವು.

ಟ್ಯಾಂಕ್ ಬಂಡ್ ಎಂದರೆ ಹುಸೇನ್ ಸಾಗರದ ಏರಿ. ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ, 1562ರ ಸುಮಾರಿಗೆ, ಹುಸೇನ್ ಶಾ ವಲಿಯವರ ಮೇಲ್ವಿಚಾರಣೆಯಲ್ಲಿ ಕಟ್ಟಿದ್ದು. ಹೈದರಾಬಾದು ನಗರಕ್ಕೆ ತಳಪಾಯ ಬಿದ್ದುದು 1591ರಲ್ಲಿ. ಅಂದರೆ ಊರಿಗಿಂತ ಕೆರೆಯೇ ಮೂವತ್ತು ವರ್ಷ ಹಿರಿಯದು! ಏರಿಯ ಮೇಲಿನ ಪ್ರತಿಮೆಗಳು ಬಂದುದು 1980ರ ದಶಕದಲ್ಲಿ. ಅವುಗಳ ಸಾಲಿನಲ್ಲಿ ಕೃಷ್ಣದೇವರಾಯನೂ ಬಳ್ಳಾರಿ ರಾಘವರೂ ನಿಂತಿರುವುದನ್ನು ಮಕ್ಕಳಿಗೆ ತೋರಿಸಬೇಕು. ನೀರಿನ ನಡುವಿನ ಬುದ್ಧ 1990ರಲ್ಲಿ ದೋಣಿಯೊಡನೆ ಮುಳುಗಿ, 1992ರಲ್ಲಿ ಎದ್ದು ನಿಂತವನು.

1963ರಲ್ಲಿ ತೆರೆದ ನೆಹರೂ ಮೃಗಾಲಯದ ಪಕ್ಕದಲ್ಲೇ ಮೀರ್ ಆಲಂ ಕೆರೆಯಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ ಇದರ ಏರಿ ನೇರ ಗೋಡೆಯಲ್ಲ. ಒಂದರ ಪಕ್ಕ ಒಂದು ಕೂಡಿಸಿದ 21 ಕಮಾನುಗಳ ಸರಪಣಿ. ಇನ್ನು ಗೋಲ್ಕೊಂಡದ ಕೋಟೆಯಲ್ಲಿ ಚಪ್ಪಾಳೆಯ ಪ್ರತಿಧ್ವನಿ ಕೇಳಿಸಿಕೊಂಡಷ್ಟೇ ಆಸಕ್ತಿಯಿಂದ ಅಲ್ಲಿನ ಮಣ್ಣಿನ ಕೊಳವೆಗಳನ್ನೂ ನೋಡಬೇಕು. ಬೆಟ್ಟದ ಮೇಲಕ್ಕೆ ಹಂತ ಹಂತವಾಗಿ ನೀರೆತ್ತಿದ ಜಾಣ್ಮೆ ಅದು.

ಆದರೆ ಕನ್ನಡಿಗರಾದ ನಮಗೆ ಹೆಚ್ಚು ಹತ್ತಿರದ್ದು ಗಂಡಿಪೇಟೆ. ಅದರ ಕಥೆ ಸಂತೋಷದಿಂದ ಆರಂಭವಾಗುವುದಿಲ್ಲ.

1908ರ ಸೆಪ್ಟೆಂಬರ್ 28. ಮಳೆಗಾಲ ಮುಗಿಯುತ್ತ ಬಂದಿದ್ದ ಕಾಲ. ಈಗ ವಿಮಾನ ನಿಲ್ದಾಣವಿರುವ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಇಂಚು ಮಳೆ ಬಿದ್ದಿತು. ಮೂಸಿಯ ಜಲಾನಯನದಲ್ಲಿ ಆಗ 788 ಕೆರೆಗಳಿದ್ದವು. ಮೇಲಿನ ಕೆರೆ ಒಡೆದು ಕೆಳಗಿನದನ್ನು ಒಡೆಯಿತು, ಅದು ಅದರ ಕೆಳಗಿನದನ್ನು. ಹೀಗೆ 221 ಕೆರೆಗಳು ಒಡೆದುಹೋದವು. ಆ ನೀರೆಲ್ಲ ಒಟ್ಟಾಗಿ ನಗರದ ನಡುವೆ ನುಗ್ಗಿತು. ಅಫ್ಜಲ್‌ಗಂಜಿನ ಸುತ್ತಲ ಬಡಾವಣೆಗಳು ಕೊಚ್ಚಿಹೋದವು. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಿಸೆಮರವಿದೆ. ಅಂದು ಅದರ ಕೊಂಬೆಗಳನ್ನು ಹಿಡಿದುಕೊಂಡು ಸುಮಾರು 150 ಜನ ಬದುಕಿಕೊಂಡರೆಂದು ಜನ ಇಂದಿಗೂ ನೆನೆಯುತ್ತಾರೆ.

ಇಂಥ ಸಂಕಟದಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರ ಕರೆ ಕಳುಹಿಸಿದ್ದು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ. ಮುಂಬಯಿ ಸರ್ಕಾರದ ಸೇವೆ ಬಿಟ್ಟು ಅವರು ಯುರೋಪ್ ಪ್ರವಾಸದಲ್ಲಿದ್ದರು. 1909ರ ಏಪ್ರಿಲ್ 15ರಂದು, ಸುಡು ಬೇಸಿಗೆಯಲ್ಲಿ, ಹೈದರಾಬಾದಿಗೆ ಬಂದು ಕೆಲಸಕ್ಕೆ ಕುಳಿತರು. ನದಿಯ ಮಟ್ಟ, ಮಳೆಯ ಪ್ರಮಾಣ, ಒಡೆದ ಕೆರೆಗಳ ವಿವರ ಎಲ್ಲವನ್ನೂ ಕಲೆಹಾಕಿ ಅಕ್ಟೋಬರ್ 1ರಂದು ವರದಿ ಒಪ್ಪಿಸಿದರು. ಐದೂವರೆ ತಿಂಗಳು! ಒಂದು ಕಡತ ಈ ಮೇಜಿನಿಂದ ಆ ಮೇಜಿಗೆ ಹೋಗಲು ಹಿಡಿಯುವ ಕಾಲವನ್ನು ಬಲ್ಲ ನಮ್ಮಂಥ ಗುಮಾಸ್ತರಿಗೆ ಇದೊಂದು ಪವಾಡವೇ ಸರಿ. ಮರುತಿಂಗಳೇ ಅವರು ಮೈಸೂರಿನ ಮುಖ್ಯ ಎಂಜಿನಿಯರರಾಗಿ ಹೊರಟರು. ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಹಾಗಾಗಿ ಗಂಡಿಪೇಟೆಯ ಯೋಚನೆಯನ್ನು ಕನ್ನಂಬಾಡಿಯ ಅಣ್ಣ ಎಂದು ಕರೆದರೆ ತಪ್ಪಾಗಲಾರದು.

ಅವರ ಸಲಹೆಯ ತಿರುಳು ಸರಳವಾಗಿತ್ತು. ಊರೊಳಗೆ ಗೋಡೆ ಎತ್ತರಿಸಿದ ಮಾತ್ರಕ್ಕೆ ಪ್ರವಾಹ ನಿಲ್ಲದು. ಊರಿಗೆ ಬರುವ ಮೊದಲೇ, ಮೂಸಿಗೂ ಅದನ್ನು ಸೇರುವ ಈಸಿಗೂ ಒಂದೊಂದು ಜಲಾಶಯ ಕಟ್ಟಿ ನೀರನ್ನು ತಡೆದು, ಆಮೇಲೆ ನಿಧಾನವಾಗಿ ಬಿಡಬೇಕು. ಜೊತೆಗೆ ನದಿಯ ದಂಡೆಗಳನ್ನು ಎತ್ತರಿಸಿ ಅಲ್ಲಿ ಉದ್ಯಾನ, ತಿರುಗಾಡುವ ದಾರಿ ಮಾಡಬೇಕು ಎಂದೂ ಅವರು ಸೂಚಿಸಿದ್ದರು. ಆ ದಾರಿಯಲ್ಲಿ ನಿಜಾಮ್ ಸರ್ಕಾರದ ಎಂಜಿನಿಯರರೂ ಸಾವಿರಾರು ಕೂಲಿಕಾರರೂ ದುಡಿದು, ಮೂಸಿಗೆ ಉಸ್ಮಾನ್ ಸಾಗರವನ್ನು 1920ರಲ್ಲಿ, ಈಸಿಗೆ ಹಿಮಾಯತ್ ಸಾಗರವನ್ನು 1927ರಲ್ಲಿ ಮುಗಿಸಿದರು. ಉಸ್ಮಾನ್ ಸಾಗರಕ್ಕೇ ಜನರ ಬಾಯಲ್ಲಿ ಗಂಡಿಪೇಟೆ ಎಂಬ ಹೆಸರು. ಈ ಎರಡರಿಂದ ನಗರಕ್ಕೆ ಕುಡಿಯುವ ನೀರೂ ಬಂತು. ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದು ಬಿಟ್ಟು ಹೋಗಲಾರ ಎಂಬ ಮಾತೇ ಹುಟ್ಟಿತು. 1956ರ ನವೆಂಬರ್ 1ರಂದು ಬೀದರ, ಕಲಬುರ್ಗಿ, ರಾಯಚೂರು ಮೈಸೂರು ರಾಜ್ಯ ಸೇರಿದ ಮೇಲೂ ಕಾಚಿಗೂಡದ ಸುತ್ತಮುತ್ತ ಉಳಿದುಬಿಟ್ಟ ಕನ್ನಡ ಕುಟುಂಬಗಳನ್ನು ನೋಡಿದರೆ ಆ ಮಾತು ಸುಳ್ಳಲ್ಲ ಎನಿಸುತ್ತದೆ.

ಬೇಸಿಗೆಯ ಕೊನೆಯಲ್ಲಿ ಗಂಡಿಪೇಟೆಗೆ ಹೋದ ಅನೇಕರು ಮುಖ ಸಣ್ಣಗೆ ಮಾಡಿಕೊಂಡು ಬರುತ್ತಾರೆ. “ನೀರೇ ಇಲ್ಲ, ಬರೀ ಒಣ ನೆಲ” ಎನ್ನುತ್ತಾರೆ. ಆದರೆ ಈ ಕೆರೆಯ ಅರ್ಥ ತಿಳಿಯಬೇಕಾದರೆ ನೋಡಬೇಕಾದದ್ದು ಆಗಲೇ. ಕುಡಿಯುವ ನೀರಿಗಾಗಿ ಕೆರೆ ತುಂಬಿರಬೇಕು. ಪ್ರವಾಹ ತಡೆಯಲು ಕೆರೆಯಲ್ಲಿ ಜಾಗವಿರಬೇಕು. ತುಂಬಿದ ಕೊಡಕ್ಕೆ ಮತ್ತೆ ಸುರಿದರೆ ಹೊರಗೆ ಚೆಲ್ಲದೆ ಮತ್ತೇನಾದೀತು? ಒಂದೇ ಕೆರೆಗೆ ಈ ಎರಡು ಕೆಲಸ ಕೊಟ್ಟಿರುವುದರಿಂದ ಮಳೆಗಾಲದುದ್ದಕ್ಕೂ ಮಟ್ಟ ನೋಡಿ ಬಾಗಿಲು ತೆರೆಯುವ, ಮುಚ್ಚುವ ಎಚ್ಚರ ಬೇಕಾಗುತ್ತದೆ.

ಶಾಲೆಯ ಲೆಕ್ಕವನ್ನೇ ಹಾಕಿ ನೋಡೋಣ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಉಸ್ಮಾನ್ ಸಾಗರದ ಪೂರ್ಣ ಸಾಮರ್ಥ್ಯ ಸುಮಾರು 3.9 ಟಿಎಂಸಿ. ಸೆಕೆಂಡಿಗೆ ಒಂದು ಲಕ್ಷ ಘನ ಅಡಿಯಂತೆ ಪ್ರವಾಹ ಬಂದಿತೆನ್ನಿ. ಒಂದು ಟಿಎಂಸಿ ಖಾಲಿ ಜಾಗ ತುಂಬಲು ಹತ್ತು ಸಾವಿರ ಸೆಕೆಂಡು, ಅಂದರೆ ಸುಮಾರು ಎರಡೂ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತಿನಲ್ಲಿ ಒಂದು ಪೇಟೆಯ ಜನ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಎತ್ತರದ ಜಾಗ ಸೇರಬಹುದು. 1908ರ ಜನಕ್ಕೆ ಸಿಗದೇ ಹೋದದ್ದು ಆ ಕೆಲವು ಗಂಟೆಗಳು.

ಈಗ ನಗರ ಈ ಎರಡು ಕೆರೆಗಳನ್ನೇ ನಂಬಿಲ್ಲ. 1965ರಿಂದ ಮಂಜೀರಾ ನೀರು ಬಂತು. ನಮ್ಮ ಬೀದರ ಜಿಲ್ಲೆಯನ್ನು ಹಾದು ಬರುವ ಅದೇ ಮಂಜೀರಾ! ಮುಂದೆ 2004ರಲ್ಲಿ ಕೃಷ್ಣೆ, 2015ರಲ್ಲಿ ಗೋದಾವರಿ ಸೇರಿದವು. ಹೀಗಾಗಿ ಹಳೆಯ ಕೆರೆಗಳ ಬಗ್ಗೆ ಉದಾಸೀನ ಬೆಳೆಯಿತು. ಇವುಗಳ ಸುತ್ತ ಹತ್ತು ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕಟ್ಟಡಗಳಿಗೆ ಕಡಿವಾಣ ಹಾಕಿದ ಆದೇಶ ಹೊರಟದ್ದು 1996ರಲ್ಲಿ. ಆ ನಿರ್ಬಂಧ ತೆಗೆಯುವ ಆದೇಶ ಬಂದದ್ದು 2022ರಲ್ಲಿ. ಕುಡಿಯಲು ಬೇರೆ ನೀರಿದೆ ಎಂಬುದು ಒಂದು ವಾದ. ಆದರೆ ಪ್ರವಾಹ ತಡೆಯಲು ಬೇರೆ ಕೆರೆ ಎಲ್ಲಿದೆ? 2020ರ ಅಕ್ಟೋಬರಿನ ಮಳೆಯಲ್ಲಿ ನಗರದ ಕೆರೆಗಳ ಏರಿ ಒಡೆದು ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು, ಹಿಮಾಯತ್ ಸಾಗರದ ಬಾಗಿಲುಗಳನ್ನು ರಾತ್ರಿಯಲ್ಲಿ ತೆರೆದದ್ದನ್ನು ನಾವು ಇಷ್ಟು ಬೇಗ ಮರೆಯಬಾರದು.

ಆದ್ದರಿಂದ ಬರುವ ಬೇಸಿಗೆಯ ಕೊನೆಯ ಭಾನುವಾರ ಬುತ್ತಿಯೊಡನೆ ಸ್ವಲ್ಪ ಚರಿತ್ರೆಯನ್ನೂ ಕಟ್ಟಿಕೊಳ್ಳೋಣ. ಜೋಳದ ರೊಟ್ಟಿ, ಮೊಸರನ್ನ, ಕೊನೆಯ ಮಾವಿನಹಣ್ಣು ಇದ್ದೇ ಇರಲಿ. ಮಕ್ಕಳಿಗೊಂದು ಆಟ ಹೂಡಬಹುದು: ಏರಿಯ ಕಲ್ಲಿನ ಮೇಲೆ ಹಳೆಯ ನೀರಿನ ಗುರುತು ಎಲ್ಲಿದೆ, ಇಂದಿನ ನೀರು ಅದಕ್ಕಿಂತ ಎಷ್ಟು ಕೆಳಗಿದೆ ಎಂದು ಯಾರು ಸರಿಯಾಗಿ ಅಂದಾಜು ಮಾಡುತ್ತಾರೆ? ನೀರಿಗಿಳಿಯಲು ಮಾತ್ರ ಬಿಡಬಾರದು. ಮೇಲೆ ಒಣಗಿ ಕಂಡ ಕೆಸರು ಕಾಲು ಹಿಡಿದುಕೊಳ್ಳುತ್ತದೆ. ತಂದ ಕಾಗದ, ಪ್ಲಾಸ್ಟಿಕ್ ಚೀಲಗಳನ್ನು ಮನೆಗೇ ಒಯ್ಯಬೇಕು. ಮರಳುವಾಗ ಸಮಯವಿದ್ದರೆ ಅಫ್ಜಲ್‌ಗಂಜಿಗೂ ಹೋಗಿ, ಆ ಹುಣಿಸೆಮರ ಎಷ್ಟು ಜನರನ್ನು ಉಳಿಸಿತೆಂದು ಮಕ್ಕಳಿಗೆ ಹೇಳಬೇಕು. ಗಂಡಿಪೇಟೆಯ ಒಣ ನೆಲ ಏಕೆ ಖಾಲಿ ಇರಬೇಕೆಂಬುದು ಅವರಿಗೆ ತಾನಾಗಿಯೇ ತಿಳಿಯುತ್ತದೆ.